ಹೊಟ್ಟೆನೋವು ಎಂದು ಹೇಳಿದ ಹುಡುಗ

ನನ್ನ ಅಕ್ಕನ ಮಗನ ಚೀಲದಲ್ಲಿ ಹತ್ತೊಂಬತ್ತು ಬಸ್ ಟಿಕೆಟ್‌ಗಳು ಸಿಕ್ಕಿದವು. ಎಲ್ಲವೂ ಕೊಯಮತ್ತೂರಿನ ಗಾಂಧಿಪುರ ಬಸ್‌ಸ್ಟ್ಯಾಂಡಿನಿಂದ ತಿರುಪ್ಪೂರಿಗೆ, ಇಲ್ಲವೇ ತಿರುಪ್ಪೂರಿನಿಂದ ವಾಪಸ್ಸು ಗಾಂಧಿಪುರಕ್ಕೆ. ಅದು 2024ರ ಜನವರಿ. ಅವನಿಗೆ ಆಗ ಹದಿನಾರು ವರ್ಷ. ಕೊಯಮತ್ತೂರಿನಲ್ಲಿ ಡಿಪ್ಲೊಮಾ ಓದಲು ಸೇರಿಸಿ, ಹಾಸ್ಟೆಲಿನಲ್ಲಿ ಬಿಟ್ಟವನು ನಾನೇ. ತಿರುಪ್ಪೂರಿನಲ್ಲಿ ಕೆಲಸ ಮಾಡುವವನೂ ನಾನೇ. ಅಂದರೆ ಅವನು ಕ್ಲಾಸಿಗೆ ಹೋಗದೆ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ನಾನಿರುವ ಊರಿಗೆ ಬಂದು, ನನ್ನನ್ನು ಕಾಣದೆ ಹಿಂದೆ ಹೋಗುತ್ತಿದ್ದ. ಒಂದೆರಡು ಸಲವಲ್ಲ, ಮೂರು ವಾರ.

"ಬಂದವನು ಯಾಕೆ ಒಂದು ಫೋನ್ ಮಾಡಲಿಲ್ಲ ಮೋನೇ?" ಎಂದು ಕೇಳಿದೆ.

"ನಿಮಗೆ ಕೆಲಸ ಇರ್ತದಲ್ಲ ಮಾಮ" ಅಂದ.

ಅವನ ಹೆಸರು ಬರೆಯುವುದಿಲ್ಲ. ಈ ಲೇಖನ ಬರೆಯಬಹುದಾ ಎಂದು ಅವನಲ್ಲಿ ಕೇಳಿದ್ದೇನೆ, ಅವನ ಉಮ್ಮನಲ್ಲೂ ಕೇಳಿದ್ದೇನೆ. "ಬರೆಯಿರಿ, ಆದರೆ ಪಾಪದವನು ಅಂತ ಬರೀಬೇಡಿ" ಎಂದು ಅವನು ಹೇಳಿದ್ದಾನೆ. ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು ಎಂಬ ಅಂದಾಜಿನಿಂದ ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಸೌದಿಯ ಜುಬೈಲಿನಲ್ಲಿ. ಭಾವನಿಗೆ ಅಲ್ಲಿ ಕಂಪೆನಿಯಲ್ಲಿ ಕೆಲಸ, ಫ್ಯಾಮಿಲಿ ವೀಸಾ ಇತ್ತು. ಹತ್ತು ವರ್ಷ ಅಲ್ಲೇ ಬೆಳೆದ. ಇಂಡಿಯನ್ ಸ್ಕೂಲಿನಲ್ಲಿ ಓದು, ಶುಕ್ರವಾರ ಕಡಲ ಕರೆಗೆ ಹೋಗುವುದು, ಕೆಳಗಿನ ಮಹಡಿಯಲ್ಲಿ ಈಜಿಪ್ಟಿನವರ ಮನೆಯ ಹುಡುಗನೊಂದಿಗೆ ಆಟ. 2017ರ ಜುಲೈಯಿಂದ ಸೌದಿ ಸರ್ಕಾರ ವಿದೇಶಿ ನೌಕರರ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷ ವರ್ಷ ನೂರು ಏರುತ್ತಾ 2020ಕ್ಕೆ 400 ಆಗುವುದೆಂದು ಮೊದಲೇ ಹೇಳಿದ್ದರು. ಅಕ್ಕ ಮತ್ತು ಇಬ್ಬರು ಮಕ್ಕಳು ಎಂದರೆ ಮೂರು ತಲೆ. 400 ಆದಾಗ ವರ್ಷಕ್ಕೆ 14,400 ರಿಯಾಲ್. ಭಾವ ಒಂದು ಕಾಗದದಲ್ಲಿ ಲೆಕ್ಕ ಹಾಕಿ ಅದರ ಫೋಟೊ ನನ್ನ ಉಪ್ಪನಿಗೆ ಕಳುಹಿಸಿದ್ದರು. ಅಂಗಡಿಯ ಗಲ್ಲೆಯಲ್ಲಿ ಕೂತಿದ್ದ ಉಪ್ಪ ಅದನ್ನು ಎರಡು ಸಲ ನೋಡಿ, "ಕಳಿಸಿಬಿಡಲಿ, ಇಲ್ಲಿ ಮನೆ ಉಂಟಲ್ಲ" ಅಂದರು. ಆ ಸಮಯದಲ್ಲಿ ಎಷ್ಟು ಬ್ಯಾರಿ ಕುಟುಂಬಗಳು ಹೀಗೆ ಹಿಂದೆ ಬಂದವು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಟಿವಿ, ಕಂಬಳಿ, ಮಕ್ಕಳ ಸೈಕಲ್ ಎಲ್ಲ ಹಗ್ಗ ಕಟ್ಟಿದ ಪೆಟ್ಟಿಗೆಯಲ್ಲಿ ಇಳಿಯುತ್ತಿದ್ದವು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಕಾಗದದಲ್ಲಿ ಹುಡುಗನ ಕಡೆಯ ಲೆಕ್ಕ ಇರಲಿಲ್ಲ. 2018ರಲ್ಲಿ ಆರನೇ ಕ್ಲಾಸಿಗೆ ಊರಿನ ಶಾಲೆಗೆ ಸೇರಿದ. ಮನೆಯಲ್ಲಿ ಬ್ಯಾರಿ ಮಾತಾಡುತ್ತಿದ್ದ, ಆದರೆ ಕನ್ನಡ ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ "ಸೌದಿ" ಎಂದೇ ಕರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿತು, ಎಂಟನೇ ಕ್ಲಾಸು ಮೊಬೈಲಿನಲ್ಲಿ ಹೋಯಿತು. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ತಿರುಪ್ಪೂರಿನಲ್ಲಿ ನಿಟ್ಟಿಂಗ್ ಮಷೀನ್‌ಗಳ ಸರ್ವಿಸ್ ಕೆಲಸ. ಕೊಯಮತ್ತೂರು ಅಂದರೆ ಪಂಪು, ಮೋಟಾರು, ಫೌಂಡ್ರಿಗಳ ಊರು, ಓದು ಮುಗಿದರೆ ಕೆಲಸ ಖಂಡಿತ ಎಂದು ನಾನೇ ಮನೆಯವರನ್ನು ಒಪ್ಪಿಸಿ ಕರೆತಂದೆ. ಹೀಗೆ ಹದಿನಾರು ವರ್ಷದೊಳಗೆ ಅವನ ಸುತ್ತಲಿನ ಭಾಷೆ ಎರಡು ಸಲ ಬದಲಾಯಿತು. ಮೊದಲು ಅರಬ್ಬಿ ಮತ್ತು ಹಿಂದಿ, ಮತ್ತೆ ಕನ್ನಡ ಮತ್ತು ತುಳು, ಈಗ ತಮಿಳು.

ಹಾಸ್ಟೆಲಿಗೆ ಸೇರಿ ಎರಡು ತಿಂಗಳಾಗುವಾಗ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಮಾತ್ರ. ಆದಿತ್ಯವಾರ ಇಲ್ಲ. ಊಟ ಸರಿಯಿಲ್ಲ ಎಂದುಕೊಂಡೆ. ಗ್ಯಾಸಿನ ಮಾತ್ರೆ ಕೊಡಿಸಿದೆ. ಸ್ಕ್ಯಾನಿಂಗ್ ಮಾಡಿಸಿದೆ, ಏನೂ ಇಲ್ಲ ಎಂದು ಬಂತು. "ಏನೂ ಇಲ್ಲ" ಎಂದು ರಿಪೋರ್ಟು ಹೇಳಿದ ಮೇಲೆ ನಮಗೆಲ್ಲ ಸಿಟ್ಟು ಬಂತು. ಅಕ್ಕ ಫೋನಿನಲ್ಲಿ ಬೈದಳು. ಭಾವ ಜುಬೈಲಿನಿಂದ, "ನಾನು ಇಲ್ಲಿ ಐದು ಜನರ ರೂಮಿನಲ್ಲಿ ಮಲಗುವುದು ಯಾರಿಗಾಗಿ?" ಎಂದು ಕೇಳಿದರು. ನಾನು, "ನಾವೆಲ್ಲ ಹಾಸ್ಟೆಲ್ ಊಟ ತಿಂದೇ ಓದಿದ್ದು" ಅಂದೆ. ಈಗ ನೆನೆದರೆ ಆ ಮಾತುಗಳಿಂದ ನಾವು ಮೂವರೂ ಅವನ ಬಾಯಿ ಮುಚ್ಚಿಸಿದೆವು.

ನಮ್ಮ ನಿಟ್ಟಿಂಗ್ ಮಷೀನಿನಲ್ಲಿ ಪ್ರತಿ ನೂಲಿಗೂ ಒಂದು ಸಣ್ಣ ಲೈಟ್ ಇರುತ್ತದೆ. ನೂಲು ತುಂಡಾದರೆ ಆ ಲೈಟ್ ಹತ್ತಿ ಮಷೀನ್ ತಾನಾಗಿ ನಿಲ್ಲುತ್ತದೆ. ಆರ್ಡರ್ ಅರ್ಜೆಂಟ್ ಇರುವಾಗ ಕೆಲವರು ಆ ಲೈಟಿನ ಕನೆಕ್ಷನ್ ತಪ್ಪಿಸಿ ಓಡಿಸುತ್ತಾರೆ. ಮಷೀನ್ ಓಡುತ್ತದೆ, ಆದರೆ ರೋಲು ಬಿಚ್ಚಿದಾಗ ಬಟ್ಟೆಯಲ್ಲಿ ತೂತು. ಇಂಥವರಿಗೆ ಎಷ್ಟೋ ಸಲ ಬುದ್ಧಿ ಹೇಳಿದವನು ನಾನು. ಹುಡುಗನ ಹೊಟ್ಟೆನೋವು ಅಂಥ ಲೈಟು ಎಂದು ನನಗೆ ಹೊಳೆಯಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ನನ್ನ ಉಮ್ಮ ಅವನನ್ನು ಉಸ್ತಾದರ ಹತ್ತಿರ ಕರೆದುಕೊಂಡು ಹೋದರು. ಕಣ್ಣು ತಾಗಿರಬೇಕು ಎಂದು ಉಮ್ಮನ ನಂಬಿಕೆ. ಉಸ್ತಾದರು ಓದಿ ಊದಿದರು, ದುವಾ ಮಾಡಿದರು. ಹೊರಡುವಾಗ ಹುಡುಗನ ಮುಖ ನೋಡಿ, "ಇವನನ್ನು ಡಾಕ್ಟರಿಗೆ ತೋರಿಸಿ. ಹೊಟ್ಟೆಯ ಡಾಕ್ಟರಿಗಲ್ಲ, ಮನಸ್ಸಿನ ಡಾಕ್ಟರಿಗೆ" ಎಂದು ಹೇಳಿದರಂತೆ. ಉಮ್ಮ ಅದನ್ನು ನನಗೆ ಹೇಳಲಿಲ್ಲ. ಟಿಕೆಟ್ ಸಿಕ್ಕಿದ ಮೇಲೆ ಅಳುತ್ತಾ ಹೇಳಿದರು. ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸರಿಯಾದ ಮಾತು ಹೇಳಿದವರು ಉಸ್ತಾದರು.

ಕೊಯಮತ್ತೂರಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆವು. ಡಾಕ್ಟರಮ್ಮ ಒಂದು ಹಾಳೆ ಕೊಟ್ಟರು. ಅದರಲ್ಲಿ 25 ಸಣ್ಣ ವಾಕ್ಯಗಳು. ಪ್ರತಿಯೊಂದರ ಮುಂದೆ ಮೂರು ಚೌಕ: ಸುಳ್ಳು, ಸ್ವಲ್ಪ ನಿಜ, ಪೂರ್ತಿ ನಿಜ. ಗೆಳೆಯರು ಇದ್ದಾರಾ, ಬೇಗ ಹೆದರುತ್ತಾನಾ, ತಲೆನೋವು ಹೊಟ್ಟೆನೋವು ಎಂದು ಹೇಳುತ್ತಿರುತ್ತಾನಾ, ಇಂಥ ವಿಷಯಗಳು. ಹೊಟ್ಟೆನೋವು ಆ ಹಾಳೆಯಲ್ಲಿಯೇ ಇತ್ತು. ಅಂದರೆ ಮಕ್ಕಳ ದುಃಖ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದು ಡಾಕ್ಟರರಿಗೆ ಹಳೆಯ ವಿಷಯ. ಇದನ್ನು ಎಸ್‌ಡಿಕ್ಯೂ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು. ಇದರಿಂದ ರೋಗ ಇದೆ ಎಂದು ತೀರ್ಮಾನ ಮಾಡುವುದಿಲ್ಲ, ಯಾರನ್ನು ಕೂರಿಸಿ ಸರಿಯಾಗಿ ಮಾತಾಡಿಸಬೇಕು ಎಂದು ತಿಳಿದುಕೊಳ್ಳುತ್ತಾರೆ.

ಒಂದೇ ಹಾಳೆಯನ್ನು ಮೂರು ಜನ ತುಂಬಬೇಕು: ತಂದೆ ಅಥವಾ ತಾಯಿ, ಒಬ್ಬ ಮೇಷ್ಟ್ರು, ಮತ್ತು ಮಗು ಹನ್ನೊಂದು ವರ್ಷ ದಾಟಿದ್ದರೆ ಸ್ವತಃ ಮಗು. ಅಕ್ಕನಿಗೆ ನಾನು ಫೋನಿನಲ್ಲಿ ಒಂದೊಂದೇ ಓದಿ ಹೇಳಿದೆ. ತೊಂದರೆಯ ಅಂಕ 0ರಿಂದ 40ರವರೆಗೆ. ಅಕ್ಕ ಕೊಟ್ಟ ಉತ್ತರಗಳಿಗೆ 6 ಬಂತು. ಕಾಲೇಜಿನ ಮೇಷ್ಟ್ರದ್ದು 11. ಹುಡುಗ ತಾನೇ ತುಂಬಿದ ಹಾಳೆಯಲ್ಲಿ 23.

"ಯಾರು ಸುಳ್ಳು ಹೇಳಿದ್ದು ಡಾಕ್ಟ್ರೇ?" ಎಂದು ಕೇಳಿದೆ.

"ಯಾರೂ ಇಲ್ಲ. ಹೀಗೇ ಬರುವುದು" ಎಂದರು.

ಅವತ್ತು ರಾತ್ರಿ ರೂಮಿಗೆ ಬಂದು ಮೊಬೈಲಿನಲ್ಲಿ ಓದಲು ಕೂತೆ. ನನ್ನ ಇಂಗ್ಲಿಷ್ ಮಷೀನ್ ಮ್ಯಾನುವಲ್ ಓದುವಷ್ಟು ಮಾತ್ರ. ಆದರೂ ಬಿಡದೆ ವಾರಗಟ್ಟಲೆ ಓದಿದೆ. ಡಾಕ್ಟರಮ್ಮ ಹೇಳಿದ್ದು ನಿಜವೇ. 1987ರಲ್ಲಿ ಅಮೆರಿಕದ ಥಾಮಸ್ ಆಕೆನ್‌ಬಾಕ್ ಮತ್ತು ಅವರ ಸಂಗಡಿಗರು 119 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಮಗುವಿನ ಬಗ್ಗೆ ದೊಡ್ಡವರು ಹೇಳುವುದಕ್ಕೂ ಮಗು ತನ್ನ ಬಗ್ಗೆ ಹೇಳುವುದಕ್ಕೂ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ. ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಅವರಿಗೆ ಸಿಕ್ಕಿದ ಸರಾಸರಿ 0.22. ಇದನ್ನು ಅಕ್ಕನಿಗೆ ವಿವರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆತ್ತವಳಿಗೆ ಗೊತ್ತಾಗದೆ ಇರ್ತದಾ ಅಂತ ನಾನು ಎಷ್ಟು ಜನರ ಹತ್ತಿರ ಹೇಳಿದ್ದೇನೆ" ಅಂದಳು. ಗೊತ್ತಾಗದೆ ಇರುತ್ತದೆ. ಅದು ತಾಯಿಯ ತಪ್ಪಲ್ಲ. ಹೊರಗಿನಿಂದ ನೋಡಿದರೆ ಕಾಣುವುದು ಜಗಳ, ಹಠ, ಓದದೆ ಇರುವುದು. ಹೆದರಿಕೆ ಮತ್ತು ಬೇಸರ ಒಳಗೆ ಇರುತ್ತವೆ, ಅವನ್ನು ಕೇಳಿಯೇ ತಿಳಿಯಬೇಕು.

ಅವನು ಗಲ್ಫಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಅಲ್ಲಿಯ ಮಕ್ಕಳ ಬಗ್ಗೆ ಯಾರಾದರೂ ಹೀಗೆ ಲೆಕ್ಕ ಮಾಡಿದ್ದಾರಾ ಎಂದು ಹುಡುಕಿದೆ. ಮಾಡಿದ್ದಾರೆ. ಯುಎಇಯ ಅಲ್ ಐನ್ ಪಟ್ಟಣದ ಶಾಲಾ ಮಕ್ಕಳ ಅಧ್ಯಯನವೊಂದು 1998ರಲ್ಲಿ ಪ್ರಕಟವಾಗಿದೆ. ಮೊದಲ ಹೆಸರು ವಲ್ಸಮ್ಮ ಈಪನ್ ಎಂದು ನೋಡಿ, ನಮ್ಮ ಪಕ್ಕದ ನಾಡಿನವರೇ ಇರಬೇಕು ಎಂದು ಖುಷಿಯಾಯಿತು. ಆರರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಚಿಕಿತ್ಸೆ ಬೇಕಾಗುವಂಥ ಮಾನಸಿಕ ತೊಂದರೆ ಇತ್ತು. ಯೆಮೆನ್ ದೇಶದಲ್ಲಿ ಅಲ್ ಯಹ್ರಿ ಎಂಬ ವೈದ್ಯರು ಗುಡ್‌ಮನ್ ಜೊತೆ ಸೇರಿ, ನಾವು ತುಂಬಿದ ಅದೇ 25 ವಾಕ್ಯಗಳ ಹಾಳೆ ಅರಬ್ಬಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತದಾ ಎಂದು ಪರೀಕ್ಷಿಸಿ 2006ರಲ್ಲಿ ಬರೆದಿದ್ದಾರೆ. ಗಾಝಾದಲ್ಲಿ ಇಯಾದ್ ಅಲ್ ಸರ್ರಾಜ್ ಎಂಬ ಮನೋವೈದ್ಯರು 1990ರಲ್ಲೇ ಸಮುದಾಯ ಮಾನಸಿಕ ಆರೋಗ್ಯ ಸಂಸ್ಥೆಯೊಂದನ್ನು ಕಟ್ಟಿದ್ದರು. ಅಲ್ಲಿಯ ಮಕ್ಕಳ ಮೇಲೂ ಇದೇ ಹಾಳೆ ಹಿಡಿದು ಅಧ್ಯಯನಗಳಾಗಿವೆ. "ಇದೆಲ್ಲ ಬಿಳಿಯರ ಕಾಯಿಲೆ, ನಮ್ಮವರಿಗೆ ಇಲ್ಲ" ಎಂದು ಹೇಳುವವರು ಇದನ್ನು ತಿಳಿದಿರಬೇಕು.

ಸೌದಿಯಲ್ಲಿ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೇ ಆಗಿದೆ. 4,004 ಜನರನ್ನು ಅವರ ಮನೆಗೇ ಹೋಗಿ ಕೇಳಿದ್ದಾರೆ. ನೂರರಲ್ಲಿ ಸುಮಾರು 34 ಜನರಿಗೆ ಬದುಕಿನ ಯಾವುದಾದರೂ ಒಂದು ಹಂತದಲ್ಲಿ ಮಾನಸಿಕ ತೊಂದರೆ ಬಂದಿತ್ತು. ಆದರೆ ಕೇಳಿದ್ದು 15ರಿಂದ 65 ವರ್ಷದ ಸೌದಿ ಪ್ರಜೆಗಳನ್ನು. ನಮ್ಮ ಹುಡುಗ ಜುಬೈಲಿನಲ್ಲಿ ಹುಟ್ಟಿ ಹತ್ತು ವರ್ಷ ಅಲ್ಲಿಯ ಗಾಳಿ ಕುಡಿದಿದ್ದರೂ ಆ ಲೆಕ್ಕದಲ್ಲಿ ಬರುವವನಲ್ಲ. ಅವನು ಪ್ರಜೆಯಲ್ಲ, ವಯಸ್ಸೂ ಸಾಲದು.

ಹಾಗಾದರೆ ಇಲ್ಲಿಯ ಲೆಕ್ಕದಲ್ಲಿ ಇದ್ದಾನಾ? ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,064 ಮಕ್ಕಳನ್ನು ನೋಡಿ 2005ರಲ್ಲಿ ಬರೆದ ಅಧ್ಯಯನ ಉಂಟು. ಹುಟ್ಟಿದ ಮಗುವಿನಿಂದ ಹದಿನಾರು ವರ್ಷದವರೆಗಿನವರಲ್ಲಿ ಶೇಕಡಾ 12.5 ಮಕ್ಕಳಿಗೆ ಒಂದಲ್ಲ ಒಂದು ತೊಂದರೆ. ಮತ್ತೆ 2015–16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲೇ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ತಮಿಳುನಾಡು, ಕೇರಳ ಅದರಲ್ಲಿವೆ, ಕರ್ನಾಟಕ ಆ ಹನ್ನೆರಡರಲ್ಲಿ ಇಲ್ಲ. 13ರಿಂದ 17 ವರ್ಷದವರಲ್ಲಿ ಶೇಕಡಾ 7.3, ಅದೇ ಮಹಾನಗರಗಳಲ್ಲಿ ಶೇಕಡಾ 13.5. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇಕಡಾ 70ರಿಂದ 92ರವರೆಗೆ. ಇವು ಒಂದು ಊರಿನಲ್ಲಿ ಹುಟ್ಟಿ ಅಲ್ಲೇ ಬೆಳೆದ ಮಕ್ಕಳನ್ನು ಎಣಿಸಲು ಒಳ್ಳೆಯ ಲೆಕ್ಕಗಳು. ಜುಬೈಲಿನಿಂದ ಉಪ್ಪಿನಂಗಡಿಗೆ, ಅಲ್ಲಿಂದ ಕೊಯಮತ್ತೂರಿಗೆ ಬಂದ ಹುಡುಗ ಎಲ್ಲಿಯೂ ನಿಲ್ಲದವನು. ಒಂದು ದೇಶ ಅವನನ್ನು ಎಣಿಸಲೇ ಇಲ್ಲ, ಇನ್ನೊಂದು ಎಣಿಸಿ ಮುಗಿಸಿದ ಮೇಲೆ ಬಂದು ತಲುಪಿದ.

ಉಪ್ಪನ ಅಂಗಡಿಯಲ್ಲಿ ಒಂದು ಮಾತಿತ್ತು: ಸಾಲದ ಪುಸ್ತಕದಲ್ಲಿ ಹೆಸರಿಲ್ಲದವನ ಸಾಲ ಯಾರಿಗೂ ನೆನಪಿರುವುದಿಲ್ಲ. ನಮ್ಮ ಗಲ್ಫ್ ಮಕ್ಕಳ ಕಥೆ ಹಾಗೆ. ಯಾವ ಪುಸ್ತಕದಲ್ಲೂ ಹೆಸರಿಲ್ಲದ ಮೇಲೆ, ಕೇಳುವ ಕೆಲಸ ಮನೆಯವರದ್ದೇ.

ಇಲ್ಲಿ ತಿರುಪ್ಪೂರಿನಲ್ಲಿ ನಮ್ಮ ಹುಡುಗನೊಬ್ಬನೇ ಹೀಗಲ್ಲ. ಇದನ್ನೂ ಆಮೇಲೆ ಕಂಡೆ. ನಾನು ಸರ್ವಿಸಿಗೆ ಹೋಗುವ ಕಡೆಯೆಲ್ಲ ಒಡಿಶಾ, ಬಿಹಾರ, ಜಾರ್ಖಂಡಿನ ಹುಡುಗ ಹುಡುಗಿಯರು. ಹದಿನೆಂಟು ಎಂದು ಆಧಾರ್ ಹೇಳುತ್ತದೆ, ಮುಖ ಬೇರೆ ಹೇಳುತ್ತದೆ. ಈ ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡುಗಲ್ ಕಡೆಯ ಸ್ಪಿನ್ನಿಂಗ್ ಮಿಲ್ಲುಗಳಲ್ಲಿ ಸುಮಂಗಲಿ ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯರನ್ನು ಮೂರು ವರ್ಷಕ್ಕೆ ಕರೆತಂದು, ಹಾಸ್ಟೆಲಿನಲ್ಲಿಟ್ಟು, ಕೊನೆಗೆ ಮದುವೆ ಖರ್ಚಿಗೆ ಎಂದು ಒಟ್ಟು ಮೊತ್ತ ಕೊಡುವ ಪದ್ಧತಿ ಇತ್ತು. ಅದರ ಬಗ್ಗೆ 2011ರಲ್ಲಿ ನೆದರ್‌ಲ್ಯಾಂಡ್ಸಿನ ಎರಡು ಸಂಘಟನೆಗಳು ವರದಿ ತಂದ ಮೇಲೆ ಹೊರದೇಶದ ಬಟ್ಟೆ ಕಂಪೆನಿಗಳಿಗೂ ಬಿಸಿ ತಟ್ಟಿತು. ಕೂಲಿ, ಕೆಲಸದ ಹೊತ್ತು, ಹೊರಗೆ ಹೋಗಲು ಬಿಡದೆ ಇರುವುದು, ಇವೆಲ್ಲ ಚರ್ಚೆಯಾದವು. ಆ ಹುಡುಗಿಯರಿಗೆ ರಾತ್ರಿ ನಿದ್ದೆ ಬರುತ್ತಿತ್ತಾ ಎಂಬುದು ಕೂಲಿಯಷ್ಟೇ ದೊಡ್ಡ ಪ್ರಶ್ನೆ ಎಂದು ನನಗೆ ಆಗ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಹದಿನೈದು ಹದಿನಾರರ ವಯಸ್ಸಿನಲ್ಲಿ ಮನೆಯಿಂದ ದೂರ, ಭಾಷೆ ಬಾರದ ಊರಿನಲ್ಲಿ, ಮನೆಯವರ ಹಣದ ಭಾರ ತಲೆಯ ಮೇಲೆ. ನಮ್ಮ ಹುಡುಗನಿಗೂ ಅವರಿಗೂ ಇದು ಒಂದೇ.

ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ. ಡಾಕ್ಟರಮ್ಮ ಅವನನ್ನು ಒಬ್ಬನೇ ಕೂರಿಸಿ ಮಾತಾಡಿಸಿದರು. ಮತ್ತೆ ನನ್ನನ್ನೂ ಕರೆದು, ಅವನ ಒಪ್ಪಿಗೆ ಕೇಳಿ, ನನ್ನ ಎದುರೇ ಒಂದು ಪ್ರಶ್ನೆ ಇನ್ನೊಮ್ಮೆ ಕೇಳಿದರು: "ಸತ್ತುಹೋದರೆ ಒಳ್ಳೇದಿತ್ತು ಅಂತ ಯಾವಾಗಾದರೂ ಅನ್ನಿಸಿದ್ದುಂಟಾ?"

ನನ್ನ ಕೈಕಾಲು ತಣ್ಣಗಾಯಿತು. ಮಗುವಿನ ಹತ್ತಿರ ಇಂಥದ್ದು ಕೇಳುವುದಾ, ಇಲ್ಲದ ಯೋಚನೆ ತಲೆಗೆ ಹಾಕುವುದಾ ಎಂದು ಸಿಟ್ಟೂ ಬಂತು. ಅವನು ತಲೆ ಎತ್ತದೆ, "ಕೆಲವು ಸಲ. ಬಸ್ಸಿನಲ್ಲಿ ಕೂತರೆ ಹೋಗ್ತದೆ" ಅಂದ.

ಬಸ್ ಟಿಕೆಟ್‌ಗಳ ಅರ್ಥ ನನಗೆ ಆಗ ತಿಳಿಯಿತು. ಅವನು ಕ್ಲಾಸು ತಪ್ಪಿಸಿ ತಿರುಗಾಡುತ್ತಿರಲಿಲ್ಲ. ತನ್ನವರು ಇರುವ ದಿಕ್ಕಿಗೆ ಹೋಗಿ ಬರುತ್ತಿದ್ದ.

ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ ಎಂದು ಡಾಕ್ಟರಮ್ಮ ನನಗೆ ಆಮೇಲೆ ಸಮಾಧಾನವಾಗಿ ವಿವರಿಸಿದರು. ಇದನ್ನೂ ಎಷ್ಟೋ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕೇಳಿದರೆ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ. ನಾವು ಕೇಳದೆ ಇರುವುದು ಮಗುವಿಗಾಗಿ ಅಲ್ಲ, ಉತ್ತರ ಕೇಳುವ ಧೈರ್ಯ ನಮಗೆ ಇಲ್ಲದ್ದಕ್ಕಾಗಿ. ಖಿನ್ನತೆ ಮತ್ತು ಆತಂಕ ಎಂದು ಹೆಸರು ಹೇಳಿದರು. ವಾರಕ್ಕೊಮ್ಮೆ ಕೌನ್ಸೆಲಿಂಗ್, ಕೆಲವು ತಿಂಗಳು ಒಂದು ಮಾತ್ರೆ. ಸ್ವಲ್ಪ ದಿನ ಅವನನ್ನು ಒಬ್ಬನೇ ಬಿಡಬೇಡಿ ಎಂದರು. ಅವತ್ತೇ ಹಾಸ್ಟೆಲಿನಿಂದ ಪೆಟ್ಟಿಗೆ ತಂದು ನನ್ನ ರೂಮಿನಲ್ಲಿಟ್ಟೆ.

ಕೌನ್ಸೆಲಿಂಗ್ ತಮಿಳಿನಲ್ಲಿ ಶುರುವಾಯಿತು, ಇಂಗ್ಲಿಷಿನಲ್ಲಿ ಮುಂದುವರಿಯಿತು. ಆ 25 ವಾಕ್ಯಗಳ ಹಾಳೆ ಅರಬ್ಬಿ, ತಮಿಳು, ಕನ್ನಡ ಸೇರಿ ಹಲವು ಹತ್ತು ಭಾಷೆಗಳಲ್ಲಿ ಉಂಟು. ಆದರೆ ಅವನು ಅಳುವುದು ಬ್ಯಾರಿಯಲ್ಲಿ. ರೂಮಿನಲ್ಲಿ ರಾತ್ರಿ ಮೀನು ಸಾರು ಮಾಡಿ ಊಟ ಮಾಡಿ ಮಲಗಿ ಲೈಟ್ ಆರಿಸಿದ ಮೇಲೆ ಒಂದೊಂದೇ ಮಾತು ಬರುತ್ತಿತ್ತು. ಕೆಳಗಿನ ಮಹಡಿಯ ಈಜಿಪ್ಟಿನ ಹುಡುಗನಿಗೆ ಹೋಗುತ್ತೇನೆ ಎಂದು ಹೇಳಲು ಆಗಲಿಲ್ಲವಂತೆ, ಅವರು ರಜೆಗೆ ಊರಿಗೆ ಹೋಗಿದ್ದರಂತೆ. ತನ್ನ ಸೈಕಲ್ ಮಾರಿ ಬಂದದ್ದು. ಉಪ್ಪ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ "ಓದುತ್ತಿದ್ದೀಯಾ?", ಎರಡನೆಯದು "ಉಮ್ಮನಿಗೆ ಫೋನ್ ಕೊಡು". ಆರು ವರ್ಷದಲ್ಲಿ ಉಪ್ಪನ ಜೊತೆ ಇದ್ದದ್ದು ಎಷ್ಟು ದಿನ ಎಂದು ಅವನು ಲೆಕ್ಕ ಮಾಡಿ ಇಟ್ಟಿದ್ದ. ನೂರಮೂವತ್ತೆಂಟು. ಭಾವ ತಲೆಗಳ ಲೆಕ್ಕ ಬರೆದಿದ್ದರು, ಮಗ ದಿನಗಳ ಲೆಕ್ಕ ಬರೆದಿದ್ದ.

ನಾನು ಏನೂ ಬುದ್ಧಿ ಹೇಳಲಿಲ್ಲ. ಡಾಕ್ಟರಮ್ಮ ನನಗೆ ಕೊಟ್ಟಿದ್ದ ಔಷಧಿ ಅದೊಂದೇ: "ಉಪದೇಶ ಬೇಡ, ಕೇಳಿ." ಮಷೀನ್ ರಿಪೇರಿ ಮಾಡುವವನಿಗೆ ಇದು ಬಹಳ ಕಷ್ಟ. ಏನಾದರೂ ಸ್ಕ್ರೂ ತಿರುಗಿಸಲೇಬೇಕು ಎಂದು ಕೈ ತುಡಿಯುತ್ತದೆ.

ಮನೆಯಲ್ಲಿ ಎದ್ದ ಪ್ರಶ್ನೆಗಳನ್ನೂ ಬರೆಯಬೇಕು. ಒಬ್ಬ ಹಿರಿಯರು, "ಈಮಾನ್ ಗಟ್ಟಿ ಇದ್ದರೆ ಇದೆಲ್ಲ ಬರುವುದಿಲ್ಲ" ಎಂದರು. ಹುಡುಗ ಐದು ಹೊತ್ತು ನಮಾಜ್ ಮಾಡುವವನು. ಆಸ್ಪತ್ರೆಗೆ ಹೋಗುವ ದಿನವೂ ಸುಬಹಿ ತಪ್ಪಿಸಲಿಲ್ಲ. ನಾನು ಅವರಿಗೆ ಅಬೂ ಝೈದ್ ಅಲ್ ಬಲ್ಖಿಯವರ ಕಥೆ ಹೇಳಿದೆ. ಕ್ರಿಸ್ತಶಕ 934ರಲ್ಲಿ ತೀರಿಹೋದ ವಿದ್ವಾಂಸರು. ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡರ ಬಗ್ಗೆಯೂ ಒಂದೇ ಗ್ರಂಥದಲ್ಲಿ ಅರಬ್ಬಿಯಲ್ಲಿ ಬರೆದವರು. ಭಯ, ಸಿಟ್ಟು, ದುಃಖ, ಬಿಡದೆ ಕಾಡುವ ಯೋಚನೆ, ಇವುಗಳಿಗೆ ಒಂದೊಂದು ಭಾಗ. ಹೊಟ್ಟೆನೋವಿಗೆ ಮದ್ದು ಮಾಡುವ ಹಾಗೆ ಇದಕ್ಕೂ ಮದ್ದು ಮಾಡಬೇಕು ಎಂದು ಸಾವಿರ ವರ್ಷ ಹಿಂದೆ ನಮ್ಮವರೇ ಬರೆದಿದ್ದರೆ, ನಾವು ಈಗ ನಾಚಿಕೆಪಡುವುದು ಯಾಕೆ?

ಇನ್ನೊಬ್ಬರು ಅಕ್ಕನ ಹತ್ತಿರ, "ವಿಷಯ ಹೊರಗೆ ಹೋಗಬಾರದು, ತಂಗಿಯೊಬ್ಬಳು ಇದ್ದಾಳಲ್ಲ, ಸಂಬಂಧ ಬರಬೇಕಲ್ಲ" ಎಂದರು. ತಂಗಿಗೆ ಆಗ ಹನ್ನೊಂದು ವರ್ಷ. ಅವಳ ಮದುವೆಯ ಚಿಂತೆ ಮಾಡಿದ ಅವರಿಗೆ, ಅವಳೂ ಅದೇ ವಿಮಾನದಲ್ಲಿ ಬಂದವಳು ಎಂಬುದು ನೆನಪಾಗಲಿಲ್ಲ. ಅಕ್ಕನಿಗೆ ನೆನಪಾಯಿತು. ಅವತ್ತು ರಾತ್ರಿ ಮಗಳನ್ನು ಹತ್ತಿರ ಕೂರಿಸಿ ಮೊದಲ ಸಲ ಕೇಳಿದಳಂತೆ, "ನಿನಗೆ ಜುಬೈಲು ನೆನಪಾಗ್ತದಾ?" ಎಂದು.

ನಮ್ಮ ಬ್ಯಾರಿಯಲ್ಲೂ ಕನ್ನಡದಲ್ಲೂ "ಬೇಜಾರು" ಎಂಬ ಒಂದೇ ಮಾತು ಎಲ್ಲದಕ್ಕೂ ನಡೆಯುತ್ತದೆ. ಕರೆಂಟು ಹೋದರೂ ಬೇಜಾರು, ಯಾರಾದರೂ ತೀರಿಹೋದರೂ ಬೇಜಾರು. ಮಗು "ಬೇಜಾರು" ಎಂದಾಗ ಯಾವ ಬೇಜಾರು ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಗೆಳೆಯ ಎಂದು ಹೇಳಲು ಒಬ್ಬನಾದರೂ ಇದ್ದಾನಾ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದಾ. ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದ್ದರೆ ತೋರಿಸಬೇಕು. ಎಲ್ಲಿ ತೋರಿಸುವುದು ಎಂದು ಗೊತ್ತಿಲ್ಲದವರು 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಎಂದು ಹೆಸರು, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯುವ ಮಾತು ಬಂದರೆ ಎರಡು ವಾರ ಕಾಯಬಾರದು, ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಪೂರ್ತಿ ಗುಣವಾಯಿತು ಎಂದು ನಾನು ಬರೆಯುವುದಿಲ್ಲ. ಹಾಜರಾತಿ ಸಾಲದೆ ಒಂದು ಸೆಮಿಸ್ಟರ್ ಹೋಯಿತು. ಈಗಲೂ ಕೆಲವು ಬೆಳಿಗ್ಗೆ ಎದ್ದು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಅಂಥ ದಿನ ನಾನು ಮಾಲೀಕರಿಗೆ ಫೋನ್ ಮಾಡಿ ಅರ್ಧ ದಿನ ರಜೆ ಹೇಳುತ್ತೇನೆ. ಮಾತ್ರೆ ಡಾಕ್ಟರರೇ ನಿಧಾನಕ್ಕೆ ಕಡಿಮೆ ಮಾಡಿ ನಿಲ್ಲಿಸಿದರು. ಭಾವ ಕಳೆದ ರಜೆಯಲ್ಲಿ ಊರಿಗೆ ಹೋಗುವ ಮೊದಲು ನೇರ ಇಲ್ಲಿಗೆ ಬಂದು ನಮ್ಮ ಸಣ್ಣ ರೂಮಿನಲ್ಲಿ ಒಂದು ವಾರ ಇದ್ದರು. ಮೊದಲ ಎರಡು ದಿನ ಇಬ್ಬರಿಗೂ ಮಾತು ಬರಲಿಲ್ಲ. ಮೂರನೇ ದಿನ ಮಗ ಅವರನ್ನು ಖಾದರ್‌ಪೇಟೆಗೆ ಕರೆದುಕೊಂಡು ಹೋಗಿ ಬನಿಯನ್ ಚೌಕಾಸಿ ಮಾಡಿ ಕೊಡಿಸಿದ, ತಮಿಳಿನಲ್ಲಿ. ಭಾವ ಬಂದು ನನ್ನ ಹತ್ತಿರ, "ಇವನಿಗೆ ತಮಿಳು ಬರ್ತದಾ?" ಎಂದು ಕೇಳಿದರು. ಮಗನ ಬಗ್ಗೆ ತನಗೆ ಗೊತ್ತಿಲ್ಲದ್ದು ಇನ್ನೂ ಏನೆಲ್ಲ ಉಂಟು ಎಂಬ ಹಾಗಿತ್ತು ಅವರ ಮುಖ.

ಈಗ ಅವರು ಜುಬೈಲಿನಿಂದ ಫೋನ್ ಮಾಡಿದರೆ ಓದಿನ ವಿಷಯ ಕೊನೆಗೆ ಬರುತ್ತದೆ, ಕೆಲವು ದಿನ ಬರುವುದೇ ಇಲ್ಲ. ಹುಡುಗ ನನ್ನ ರೂಮಿನಿಂದಲೇ ದಿನಾ ಕೊಯಮತ್ತೂರಿಗೆ ಹೋಗಿ ಬರುತ್ತಾನೆ. ಅದೇ ಬಸ್ಸು, ಅದೇ ದಾರಿ. ಸಂಜೆ ಬಸ್ ಇಳಿದು ಫೋನ್ ಮಾಡುತ್ತಾನೆ: "ಮಾಮ, ಬಂದೆ."